ಮೂರು ವಾರ ಜೇಬಿನಲ್ಲಿದ್ದ ಚೀಟಿ

ಮಗಳ ಹೊಟ್ಟೆನೋವನ್ನು ನಾನು ಮೊದಲು ನಂಬಲಿಲ್ಲ. ಗಣಿತದ ಪರೀಕ್ಷೆಯ ದಿನ ನನಗೂ ನೋಯುತ್ತಿತ್ತು ಎಂದು ನಕ್ಕುಬಿಟ್ಟೆ. ಹದಿಮೂರು ವರ್ಷದ ಹುಡುಗಿ ಅನ್ನದ ತಟ್ಟೆ ಸರಿಸಿ, ಹೊಟ್ಟೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತ ದಿನ ನಗು ನಿಂತಿತು. ದಾಂಡೇಲಿಯ ಮಕ್ಕಳ ಡಾಕ್ಟರು ಮುಟ್ಟಿ ನೋಡಿ, ಹುಣ್ಣಾಗಿರಬಹುದು, ಮೊದಲು ಸ್ಕ್ಯಾನಿಂಗ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು.

ಆ ಚೀಟಿ ಮೂರು ವಾರ ನನ್ನ ಜೇಬಿನಲ್ಲೇ ಇತ್ತು. ಬಂಗೂರನಗರದಲ್ಲಿ ಕಾರ್ಖಾನೆಯವರ ನಮ್ಮ ಮನೆಗಳ ಸಾಲಿನಲ್ಲಿ ಸ್ಕ್ಯಾನಿಂಗ್ ಎಂದರೆ ಬಸಿರು, ಬೇರೆ ಅರ್ಥವೇ ಇಲ್ಲ. ಪಕ್ಕದ ಮನೆಯ ಕಾಕು ಚೀಟಿಯ ಸುದ್ದಿ ಕೇಳಿ ದನಿ ಇಳಿಸಿದಳು.

"ತಾಯಿ ಇಲ್ಲದ ಹುಡುಗಿ. ಮಂದಿ ಬಾಯಿ ಮುಚ್ಚಾಕ ಆಗ್ತೈತೇನ್ರಿ? ಅಜವಾನ ಕುದಿಸಿ ಕುಡಸ್ರಿ, ಹೋಗ್ತೈತಿ."

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಇಂಥದ್ದನ್ನು ಕೇಳಲು ನನಗೆ ಇನ್ನೊಂದು ಬಾಗಿಲಿರಲಿಲ್ಲ. ಕಾರ್ಖಾನೆಯಲ್ಲಿ ಸಾಹೇಬರ ಮುಖದ ಮೇಲೆಯೇ ಮಾತಾಡುವ ಗಂಡಸು, ನಾಲ್ಕು ಜನರ ಪಿಸುಮಾತಿಗೆ ಹೆದರಿ ಅಜವಾನ ಕುದಿಸಿದೆ.

ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಅವಳು ಕುಸಿದು ಕೂತಳು. ಆಗಲೂ ದಾಂಡೇಲಿಯಲ್ಲಿ ಸ್ಕ್ಯಾನಿಂಗ್ ಮಾಡಿಸಲಿಲ್ಲ. ಗುರುತಿನವರು ಕಾಣಬಾರದೆಂದು ಹಳಿಯಾಳದ ಬಸ್ಸು ಹತ್ತಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ, ದಾರಿಯುದ್ದಕ್ಕೂ ಅವಳು ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡೇ ಬಂದಳು.

ಅಲ್ಲಿಯ ಸ್ಕ್ಯಾನಿಂಗ್ ಕೇಂದ್ರದ ಬೆಂಚುಗಳ ತುಂಬ ಬಸುರಿಯರು. ಒಬ್ಬಾಕೆ ಮಗಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೊಟ್ಯಾಗ ಹುಣ್ಣ ಆಗೇತ್ರಿ!" ಎಂದು ಕೂಗಿಯೇಬಿಟ್ಟೆ. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಮಗಳು ತಲೆ ತಗ್ಗಿಸಿದಳು.

ಒಳಗೆ ಡಾಕ್ಟರಮ್ಮ ಅವಳಿಗೆ ಎರಡು ಲೋಟ ನೀರು ಕುಡಿಸಿ, ಬಲಮಗ್ಗುಲಿಗೆ ಮಲಗಿಸಿದರು. ಜಠರದಲ್ಲಿ ನೀರು ತುಂಬಿದರೆ ಅದರ ಗೋಡೆ ಚೆನ್ನಾಗಿ ಕಾಣುತ್ತದಂತೆ. ಪರದೆಯ ಮೇಲೆ ನೀರು ಕಪ್ಪಗೆ ಕಂಡಿತು. ಅದರ ಅಂಚಿಗೆ ಗೋಡೆ ಒಂದು ಕಡೆ ದಪ್ಪವಾಗಿ, ನಡುವೆ ಸಣ್ಣ ತಗ್ಗು.

"ಹುಣ್ಣಿನಂಗ ಕಾಣ್ತೈತಿ. ಸ್ಕ್ಯಾನಿಂಗಿನಾಗ ಎಲ್ಲಾ ಕಾಣೂದಿಲ್ಲ, ಧಾರವಾಡದಾಗ ಹೊಟ್ಯಾಗ ಕ್ಯಾಮೆರಾ ಇಳಿಸಿ ಖಾತ್ರಿ ಮಾಡ್ಕೋಬೇಕು" ಎಂದ ಡಾಕ್ಟರಮ್ಮ ಮಗಳ ಕಡೆ ತಿರುಗಿದರು. "ಗುಳಗಿ ಏನರ ತಗೋತಿದ್ದಿ ಏನವ್ವಾ?"

ಮಗಳು ನನ್ನನ್ನು ನೋಡಲಿಲ್ಲ. "ಅಪ್ಪನ್ನ ಹೊರಗ ಕಳಸ್ರಿ" ಎಂದಳು.

ಬಸುರಿಯರ ನಡುವೆ ನಿಂತೆ. ಹೆಂಡತಿಯ ಚಿತೆಯ ಮುಂದೆಯೂ ನಾನು ಅಷ್ಟು ಒಂಟಿಯಾಗಿರಲಿಲ್ಲ, ಅಂದು ಮಗಳ ಕೈ ನನ್ನ ಕೈಯಲ್ಲಿತ್ತು.

ಆಮೇಲೆ ಡಾಕ್ಟರಮ್ಮನೇ ಹೊರಗೆ ಬಂದು ಹೇಳಿದರು. ಪ್ರತಿ ತಿಂಗಳು ಮುಟ್ಟಿನ ನೋವು ತಡೆಯಲಾರದೆ, ನನ್ನ ಬೆನ್ನುನೋವಿನ ಗುಳಿಗೆಗಳನ್ನೇ ಅವಳು ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಳು. ಶುರುವಾಗಿದ್ದು ಒಂದರಿಂದ, ಈಗೀಗ ಮುಟ್ಟಾದಾಗ ದಿನಕ್ಕೆ ನಾಲ್ಕು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ, "ನನಗ ಹೇಳಬಾರದಿತ್ತೇನು?"

"ಅಪ್ಪಗ ಹೇಳೂ ಮಾತಲ್ಲ ಅಂತ ಕಾಕು ಅಂದಿದ್ಲು. ನೀನೂ ಅವತ್ತ ಕಾಕುನ್ನ ಕರದು ಡ್ಯೂಟಿಗೆ ಹೋಗಿಬಿಟ್ಟಿ."

ಸುಳ್ಳಲ್ಲ. ಅವಳು ದೊಡ್ಡವಳಾದ ದಿನ ನಾನು ಬೇಕೆಂದೇ ಎರಡು ಪಾಳಿ ಮಾಡಿದ್ದೆ.

ಗುಳಿಗೆಯಿಂದಲೇ ಆದ ಹುಣ್ಣೆಂದು ಧಾರವಾಡದಲ್ಲಿ ಖಾತ್ರಿಯಾಯಿತು, ಔಷಧಕ್ಕೆ ಮಾಯಿತು. ನನಗೆ ಮಾಯದ್ದು ಬೇರೆ. ಡಬ್ಬಿಯಲ್ಲಿ ಗುಳಿಗೆ ಬೇಗ ಬೇಗ ಮುಗಿಯುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ವಯಸ್ಸಾಯಿತು, ನಾನೇ ಮರೆತು ಹೆಚ್ಚು ನುಂಗುತ್ತಿದ್ದೇನೆ ಎಂದುಕೊಂಡು, ಪ್ರತಿ ಸಲವೂ ತಂದು ತುಂಬಿಸಿ ಇಡುತ್ತಿದ್ದವನು ನಾನೇ.