ಚಿವುಟುವ ಡಾಕ್ಟರು

ಅತ್ತಾವರದ ಆ ಸರ್ಜನ್ನರಿಗೆ ಚಿವುಟುವ ಡಾಕ್ಟರೆಂದೇ ಹೆಸರು. ತಲೆಯೊಳಗನ್ನು ತೋರಿಸುವ ಯಂತ್ರ ಆಗ ನಮ್ಮೂರಿನಲ್ಲಿರಲಿಲ್ಲ. ತಲೆಯಲ್ಲಿ ಗಂಟೆದ್ದ ಮಗು ಬಂದರೆ ಗಂಟಿನ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ತೊಡೆ ಚಿವುಟುತ್ತಿದ್ದರು. ತಾಯಂದಿರು ಸಂತೈಸಹೋದರೆ, “ಅಳಲಿ ಅಮ್ಮ, ಅಳಲಿ” ಎಂದು ತಡೆಯುತ್ತಿದ್ದರು. ಅಳುವಾಗ ಗಂಟು ಉಬ್ಬಿದರೆ ಅದಕ್ಕೆ ಮಿದುಳಿನ ನಂಟಿದೆ ಎಂದರ್ಥ, ಚೂರಿ ತಾಗಿಸುವಂತಿಲ್ಲ.

ತಲೆಯಲ್ಲಿ ಗಂಟೆದ್ದಿತೆಂದು ನಾವು ಅವರಲ್ಲಿಗೆ ಕರೆದೊಯ್ದ ನನ್ನ ತಂಗಿ ಮಹಾ ಹಟಮಾರಿ. ಎಷ್ಟು ಚಿವುಟಿದರೂ ಅಳದೆ ಅವರನ್ನೇ ದುರುಗುಟ್ಟಿ ನೋಡಿದಳು. ಕೊನೆಗೆ ತಡೆಯಲಾರದೆ ಅಮ್ಮನೇ ಅತ್ತಳು. ಅದನ್ನು ಕಂಡು ತಂಗಿಯೂ ಕಿರುಚಿದಳು. ನಾವು ಡಾಕ್ಟರ ಮುಚ್ಚಿದ ಕಣ್ಣುಗಳನ್ನೇ ನೋಡುತ್ತ ನಿಂತೆವು.

“ಉಬ್ಬುವುದಿಲ್ಲ. ಕೆಟ್ಟ ಗಂಟಲ್ಲ, ತೆಗೀಬಹುದು.”

“ಜೀವಕ್ಕೆ ಎಂತ ಅಪಾಯ ಇಲ್ಲವಲ್ಲ?” ಎಂದರು ಅಪ್ಪ.

“ಕ್ಲೋರೋಫಾರ್ಮಿನಿಂದ ಎದ್ದ ಮೇಲೆ ಹೇಳ್ತೇನೆ.”

ಗಂಟು ತೆಗೆದ ದಿನ ಮಧ್ಯಾಹ್ನವಾದರೂ ತಂಗಿ ಏಳಲಿಲ್ಲ. ನರ್ಸ್ ಕರೆದಳು, ಅಪ್ಪ ಕರೆದರು. “ಒಮ್ಮೆ ಚಿವುಟಿ ಡಾಕ್ಟ್ರೇ,” ಎಂದು ಅಮ್ಮ ಕೈಮುಗಿದಳು.

ಅವರು ಮಂಚದ ಪಕ್ಕ ಮಂಡಿಯೂರಿ, ತೊಡೆಯ ಮೇಲೆ ಬೆರಳಿಟ್ಟರು. ಚಿವುಟಲು ಕೈಬರಲಿಲ್ಲ. “ಅಳು ಮಗೂ, ಒಮ್ಮೆ ಅಳು,” ಎಂದರು.

ತಂಗಿ ಅಳಲಿಲ್ಲ. ಕಣ್ಣು ತೆರೆದು, ಮೊದಲಿನಂತೆಯೇ ಅವರನ್ನು ದುರುಗುಟ್ಟಿ ನೋಡಿದಳು.