ತರಕಾರಿಯಿಲ್ಲದ ಬೀಗರೂಟ

ನನ್ನ ಗಂಡನಿಗೆ ಮನೆ ಚೊಕ್ಕಟ ಮಾಡುವ ಹುಮ್ಮಸ್ಸು ಬರುವುದು ಅಪರೂಪ. ಬಂದರೆ ಮನೆಯವರು ಉಪವಾಸಕ್ಕೆ ಸಿದ್ಧರಾಗಬೇಕು.

ಕಳೆದ ಮಳೆಗಾಲದಲ್ಲಿ ಭಾವೀ ಬೀಗರು ಮೊದಲ ಸಲ ನಮ್ಮ ಜೆ.ಪಿ. ನಗರದ ಮನೆಗೆ ಬರುವವರಿದ್ದರು. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಮಗಳೂ ಅವರ ಮಗನೂ ಮದುವೆಯ ವಿಷಯವನ್ನು ತಾವೇ ತೀರ್ಮಾನಿಸಿಬಿಟ್ಟಿದ್ದರು. ಆ ತೀರ್ಮಾನ ನಮ್ಮದೇ ಎಂಬ ಗಾಂಭೀರ್ಯದಲ್ಲಿ ಕಾಫಿ ಕುಡಿಯುವ ಮಹತ್ಕಾರ್ಯವನ್ನಷ್ಟೇ ಹಿರಿಯರಿಗೆ ಉಳಿಸಿದ್ದರು. ಆದರೂ ಮಗಳು ಫೋನಿನಲ್ಲಿ ಅಂಗಲಾಚಿದಳು: "ಅಮ್ಮಾ, ಪ್ಲೀಸ್, ಅಂಕಲ್ ಮುಂದೆ ಹಳೇದೇನೂ ಇಡ್ಬೇಡ. ಹೆಚ್ಚಿ ಒಂದು ಗಂಟೆ ಆಗಿದ್ರೂ ಆ ತರಕಾರಿ ಮುಟ್ಟಲ್ಲ ಅವರು. ಅವರು ಮುಖ ಗಂಟು ಹಾಕ್ಕೊಂಡು ಎದ್ದುಹೋದ್ರೆ ನನ್ನ ಕಥೆ ಮುಗೀತು."

ನನ್ನವರು ತಕ್ಷಣ ಕಾರ್ಯಪ್ರವೃತ್ತರಾದರು. ಬೀಗರು ಬಂದವರೇ ನೇರವಾಗಿ ಫ್ರಿಜ್ಜಿನ ಬಾಗಿಲು ತೆಗೆದು ವಧುಪರೀಕ್ಷೆ ಮಾಡುತ್ತಾರೇನೋ ಎಂಬಂತೆ, ಸೊಪ್ಪು, ಬೀನ್ಸು, ಅರ್ಧ ಎಲೆಕೋಸು ಎಲ್ಲವನ್ನೂ ಕಸದ ಗಾಡಿಗೆ ಹಾಕಿ ಬಂದರು. "ನಾಳೆ ತರಕಾರಿ ಗಾಡಿಯವನ ಹತ್ರ ಫ್ರೆಶ್ಶಾಗಿ ತಗೊಂಡ್ರಾಯ್ತು ಬಿಡು."

ಮರುದಿನ ಗಾಡಿಯವನು ಬರಲಿಲ್ಲ, ಮಳೆ ಬಂತು. ನಡುವೆ ಸ್ವಲ್ಪ ಹೊಳವಾದಾಗ ಬನಶಂಕರಿಯಿಂದ ಬೀಗರೂ ಬಂದರು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಸುರಿಯಿತು ನೋಡಿ, ಪುಟ್ಟೇನಹಳ್ಳಿ ಕೆರೆಯ ತಂಗಿಯೊಬ್ಬಳು ನಮ್ಮ ರಸ್ತೆಯಲ್ಲೇ ಹುಟ್ಟಿಕೊಂಡಳು. ಬೀಗರ ಕಾರಿನ ಚಕ್ರಗಳು ಕಾಣದಾದವು. ಕಣ್ಣು ಮಿಟುಕಿಸುವುದರೊಳಗೆ ಕೊತ್ತಂಬರಿ ಸೊಪ್ಪು ತಂದುಕೊಡುವುದಾಗಿ ಜಂಬ ಕೊಚ್ಚುವ ಮೊಬೈಲ್ ಆ್ಯಪು ಅಂದು ವಿನಯದಿಂದ ಕ್ಷಮೆ ಕೇಳಿತು. ಆಗ ನನ್ನವರು ಧಾರಾಳವಾಗಿ ಘೋಷಿಸಿದರು: "ಇನ್ನೇನು ಸಾರ್, ಊಟ ಮಾಡ್ಕೊಂಡೇ ಹೋಗಿ!"

ಅಡುಗೆಮನೆಯಲ್ಲಿ ಒಂದು ಈರುಳ್ಳಿಯೂ ಇರಲಿಲ್ಲ. ಡಬ್ಬಿಗಳ ಮುಂದೆ ನಿಂತೆ. ಹೆಸರುಬೇಳೆ, ಮೆಂತ್ಯ, ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ. ಮೇಲಿನ ಶೆಲ್ಫಿನಲ್ಲಿ ಹೋದ ಬೇಸಿಗೆಯ ಅರಳು ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಬೇಳೆ ಕುಕ್ಕರಿಗೆ ಹೋಯಿತು. ಎಣ್ಣೆಯಲ್ಲಿ ಮೆಂತ್ಯ ಕೆಂಪಗಾಗುತ್ತಿದ್ದಾಗ ಹಿಂದಿನಿಂದ ಬೀಗಿತ್ತಿ ವತ್ಸಲಾ ಬಂದರು. ನಾನು ಸಂಡಿಗೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿದೆ.

"ಮುಚ್ಚಬೇಡಿ," ಎಂದರು ಅವರು. "ಬಾಳಕದ ಘಮ ಕಂಡೇ ಎಷ್ಟು ವರ್ಷ ಆಯ್ತು! ಇವರ ಫ್ರೆಶ್ಶಿಗೋಸ್ಕರ ನಾನು ಹೊತ್ತು ಹೊತ್ತಿಗೂ ಹೆಚ್ತಾನೇ ಇರ್ತೀನಿ. ಮಧ್ಯಾಹ್ನದ ಪಲ್ಯ ರಾತ್ರಿಗೆ ಆಗಲ್ಲ. ಹೆಚ್ಚೋಳು ಮಾತ್ರ ಅದೇ ಹಳೇ ಹೆಂಡ್ತಿ."

ಇಬ್ಬರೂ ನಕ್ಕೆವು. ಅವರೇ ಬಾಣಲೆಯ ಮುಂದೆ ನಿಂತು ಸಂಡಿಗೆ ಕರಿದರು.

ಎಲೆಗೆ ತೊವ್ವೆ, ಮೆಂತ್ಯದ ಗೊಜ್ಜು, ಕರಿದ ಸಂಡಿಗೆ, ಬಾಳಕ ಬಿದ್ದವು. ಬೀಗರು ಅನುಮಾನದಿಂದ ನೋಡಿ ಕೇಳಿದರು: "ಎಲ್ಲಾ ಫ್ರೆಶ್ಶು ತಾನೆ?"

"ಎಲ್ಲಾ ಬೆಳಿಗ್ಗೆ ತಂದಿದ್ದು ಸಾರ್," ಎಂದರು ನನ್ನವರು.

ಕನ್ನಡದಲ್ಲಿ ಒಣಗಿದ್ದಕ್ಕೆ ಮರ್ಯಾದೆಯಿಲ್ಲ. ಜಂಬ, ಹರಟೆ, ವೇದಾಂತ ಯಾವುದನ್ನು ಬೈಯಬೇಕಾದರೂ ಮೊದಲಿಗೆ ಒಂದು 'ಒಣ' ಅಂಟಿಸುತ್ತೇವೆ. ಆದರೆ ಸುಳ್ಳು ಮಾತ್ರ ನಮ್ಮಲ್ಲಿ ಯಾವಾಗಲೂ ಹಸಿ. ಅಂದು ನಮ್ಮ ಮನೆಯಲ್ಲಿ ಫ್ರೆಶ್ಶಾಗಿ ಇದ್ದದ್ದು ಅದೊಂದೇ.

ಬೀಗರು ಗೊಜ್ಜನ್ನು ಮೂರನೆಯ ಸಲ ಹಾಕಿಸಿಕೊಂಡರು. "ನೋಡು, ರುಚಿ ಅಂದ್ರೆ ಇದು. ತಾಜಾ ಇದ್ರೆ ಗೊತ್ತಾಗಿಬಿಡುತ್ತೆ," ಎಂದು ಹೆಂಡತಿಗೆ ಪಾಠ ಹೇಳಿದರು.

"ಗೊತ್ತಾಯ್ತಾ? ಸಂಡಿಗೆ ಹೋದ ಬೇಸಿಗೇದು. ಹುಣಸೆಹಣ್ಣು ಅದಕ್ಕಿಂತ ಹಿರೀದು," ಎಂದರು ವತ್ಸಲಾ.

ನನ್ನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಮಗಳ ಮದುವೆಯೂ ಅದರ ಜೊತೆಗೆ ನೇತಾಡುತ್ತಿತ್ತು. ಬೀಗರು ಹೆಂಡತಿಯನ್ನು ನೋಡಿದರು, ಎಲೆಯನ್ನು ನೋಡಿದರು. ಸಿದ್ಧಾಂತಕ್ಕೂ ಹಸಿವಿಗೂ ಒಳಗೊಳಗೇ ಏನೋ ಒಪ್ಪಂದವಾದಂತೆ ಕಾಣಿಸಿತು. ಆಮೇಲೆ ಮೆಲ್ಲಗೆ, "ಬಾಳಕ ಇನ್ನೆರಡು ಇದ್ಯಾ?" ಎಂದರು.

ಸಂಜೆ ನೀರಿಳಿದು ಕಾರು ಹೊರಟಾಗ ವತ್ಸಲಾ ಕಿಟಕಿ ಇಳಿಸಿ ನನ್ನನ್ನು ಕರೆದರು. "ನಿಮ್ಮ ಮಗಳಿಗೆ ಅಡುಗೆ ಬರುತ್ತಾ ಅಂತ ಕೇಳ್ಬೇಕೂಂತ ಬಂದಿದ್ದೆ."

"ಅದು... ಸ್ವಲ್ಪ ಸ್ವಲ್ಪ..." ಎಂದು ರಾಗ ಎಳೆದೆ.

"ಕಲಿಸ್ಬೇಡಿ. ಮುಂದಿನ ವಾರ ನನ್ನ ಮಗ ಊರಿಗೆ ಬರ್ತಾನೆ, ಕಳಿಸ್ತೀನಿ. ಗೊಜ್ಜು ಅವನಿಗೆ ಕಲಿಸಿ."