ಕಿಟಕಿಯಲ್ಲಿಟ್ಟ ಫೋನು

ಬೆಳಿಗ್ಗೆಯಿಂದ ನನ್ನ ಫೋನು ಒಂದೇ ವರಾತ ಹಚ್ಚಿದೆ. ಜಾಗ ತುಂಬಿದೆಯಂತೆ, ಬೇಡದ್ದನ್ನು ಅಳಿಸಬೇಕಂತೆ. ಯಾವುದನ್ನು ಅಳಿಸಿದರೆ ಹೆಚ್ಚು ಜಾಗ ಸಿಗುತ್ತದೆ ಎಂಬುದನ್ನೂ ಅದೇ ತೋರಿಸುತ್ತಿದೆ. ಎಲ್ಲಕ್ಕಿಂತ ಮೇಲೆ ಒಂದು ರೆಕಾರ್ಡಿಂಗ್ ಇದೆ. 'ಹಳೇಬೀಡು, ಅತ್ತೆ' ಎಂದು ನಾನೇ ಕೊಟ್ಟ ಹೆಸರು. ಮೂರು ಫೋನು ಬದಲಾಯಿಸಿದರೂ ಇದೊಂದನ್ನು ಬಿಡದೆ ಹೊತ್ತುಕೊಂಡು ಬಂದಿದ್ದೇನೆ. ಅದನ್ನು ಕೇಳುತ್ತ ಕೂತು ಮೂರು ಕಾದಂಬರಿ ಬರೆದಿದ್ದೇನೆ. ಫೋನಿಗೆ ಇದೆಲ್ಲ ಹೇಳಿ ಪ್ರಯೋಜನವಿಲ್ಲ, ನಿಮಗಾದರೂ ಹೇಳುತ್ತೇನೆ.

ಬರೆಯುವವರನ್ನು ಕಂಡರೆ ಜನ ಕೇಳುವ ಮೊದಲ ಪ್ರಶ್ನೆ, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಸಾರ್ ಎಂದು. ಸಭೆಗಳಲ್ಲಿ ನಾನು ಗಂಭೀರವಾಗಿ, ಸಂಗೀತದಿಂದ ಎನ್ನುತ್ತಿದ್ದೆ. ಯಾವ ಸಂಗೀತ ಎಂದು ಯಾರಾದರೂ ಬಿಡದೆ ಕೇಳಿದರೆ, ಮುಂಜಾನೆ ಕೊಳಲು ಕೇಳುತ್ತೇನೆ ಎಂದು ಸುಳ್ಳು ಹೇಳುತ್ತಿದ್ದೆ. ಕೊಳಲು ಎಂದರೆ ಎಲ್ಲರಿಗೂ ಒಪ್ಪಿಗೆ, ಮುಂದಿನ ಪ್ರಶ್ನೆ ಬರುವುದಿಲ್ಲ. ನಿಜ ಹೇಳಿದ್ದರೆ ಸನ್ಮಾನಕ್ಕೆ ತಂದ ಶಾಲನ್ನು ವಾಪಸ್ಸು ತೆಗೆದುಕೊಂಡು ಹೋಗುತ್ತಿದ್ದರೋ ಏನೋ. ನಾನು ಬರೆದದ್ದೆಲ್ಲ ಸಾವಿನ ಮನೆಯ ಹಾಡು ಕೇಳಿಕೊಂಡು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ. ಯಾರದೋ ದಾರಿ ಕಾಯುತ್ತ ಕೂತವರ ಹಾಗೆ ಕಾಣುತ್ತಾರೆ. ಎದುರಿಗೆ ಚಾಪೆ ಹಾಸಿಕೊಂಡು ಭಜನೆಯವರು ಕೂರುತ್ತಾರೆ. ಹಾರ್ಮೋನಿಯಂ, ತಬಲ, ನಾಲ್ಕಾರು ಜೊತೆ ತಾಳ. ಎತ್ತುವವರೆಗೂ ಹಾಡುತ್ತಲೇ ಇರಬೇಕು. ಅರಸೀಕೆರೆಯಲ್ಲಿ ಈ ತಂಡದ ಮುಂದಾಳು ಗುರುಶಾಂತಪ್ಪ. ಕೊಬ್ಬರಿ ಮಂಡಿಯವನು, ನನ್ನ ಜೊತೆ ಓದಿದವನು, ಓದಿನಲ್ಲಿ ನನಗಿಂತ ಹಿಂದೆ, ಉಳಿದೆಲ್ಲದರಲ್ಲೂ ಮುಂದೆ. ಅವನ ಅಂಗಿಯಲ್ಲಿ ಯಾವಾಗಲೂ ಕೊಬ್ಬರಿಯ ವಾಸನೆ. ಸಾವಿನ ಮನೆಯ ಊದುಬತ್ತಿ, ಸಾಂಬ್ರಾಣಿ ಎಲ್ಲವನ್ನೂ ದಾಟಿ ಅದು ಮೂಗಿಗೆ ಬರುತ್ತದೆ.

ನಾನು ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿದ್ದ ಕಾಲ. ಒಂದು ಕಾದಂಬರಿ ಅರ್ಧಕ್ಕೆ ಕೈಕೊಟ್ಟಿತ್ತು. ಅದರಲ್ಲೊಬ್ಬ ಮುದುಕ, ಮಗ ಸತ್ತ ಸುದ್ದಿಯನ್ನು ಹೆಂಡತಿಗೆ ಹೇಳಲು ಮನೆ ಬಾಗಿಲಲ್ಲಿ ಬಂದು ನಿಂತಿದ್ದಾನೆ. ನಿಂತು ತಿಂಗಳಾಗಿತ್ತು, ಒಳಗೆ ಹೋಗಲು ನನಗೆ ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಸಾಕು, ಪಾಪ, ಉಪನ್ಯಾಸ ಶುರು ಮಾಡುತ್ತಿದ್ದ. ಆ ಹೊತ್ತಿಗೆ ನಮ್ಮ ಬೀದಿಯಲ್ಲೊಂದು ಸಾವಾಯಿತು. ಹೋಗಿ ಕೂತೆ. ಗುರುಶಾಂತ ಸಾಲನ್ನು ಎತ್ತಿಕೊಂಡು, ಏರಿಸಿ, ಇಳಿಸಿ, ಕೊನೆಯ ಮಾತಿಗೆ ಬರುವ ಹೊತ್ತಿಗೆ ಬಾಯಿ ಮುಚ್ಚುತ್ತಿದ್ದ. ಆ ಮಾತನ್ನು ಹಿಂದೆ ಕೂತವರು ಹೇಳಬೇಕು. ಅವರು ಹೇಳುವುದಕ್ಕೆ ಮೊದಲೇ ಕೇಳುತ್ತ ಕೂತವರೆಲ್ಲ ಮನಸ್ಸಿನಲ್ಲಿ ಅದನ್ನು ಹೇಳಿಕೊಂಡಾಗಿರುತ್ತಿತ್ತು. ಮನೆಗೆ ಹೋದವನೇ ನನ್ನ ಮುದುಕನ ಬಾಯಿಂದ ಕೊನೆಯ ಮಾತನ್ನು ತೆಗೆದುಹಾಕಿದೆ. ಅವನ ಹೆಂಡತಿಗೆ ಅರ್ಥವಾಯಿತು. ಆ ಪುಟವನ್ನು ಈಗಲೂ ಕೆಲವರು ನೆನೆಸುತ್ತಾರೆ.

ಇದನ್ನು ಗುರುಶಾಂತನಿಗೆ ಬಹಳ ದೊಡ್ಡ ಸಂಗತಿ ಎಂಬಂತೆ ವಿವರಿಸಿದ್ದೆ. ಅವನು ತೆಂಗಿನಕಾಯಿ ಅಲ್ಲಾಡಿಸಿ ನೋಡುವವನ ಹಾಗೆ ನನ್ನ ಮುಖ ನೋಡಿ, "ಅದು ಉಸಿರು ತಗೊಳ್ಳೋಕೆ ಕಣ್ಲಾ, ಇನ್ನೇನಿಲ್ಲ" ಎಂದ.

ಅಂದಿನಿಂದ ಶುರುವಾಯಿತು ನೋಡಿ. ಊರಿನಲ್ಲಿ ಯಾರು ಹೋದರೂ ನಾನು ಹಾಜರು. ಬಾಣಾವರದ ಕಡೆಯಾಗಲಿ, ಮಾಲೇಕಲ್ಲಿನ ದಾರಿಯಾಗಲಿ, ಗುರುಶಾಂತನ ತಂಡ ಹತ್ತಿದ ಟೆಂಪೊದಲ್ಲಿ ಹಿಂದಿನ ಸೀಟು ನನಗೆ ಖಾಯಂ. ಜೇಬಿನಲ್ಲಿ ಫೋನು, ಫೋನಿನಲ್ಲಿ ರೆಕಾರ್ಡಿಂಗ್. ಊರಿನವರು ನನ್ನನ್ನು ಬಹಳ ಮನುಷ್ಯತ್ವ ಉಳ್ಳವನು ಎಂದುಕೊಂಡರು. ಆದರೆ ಕಾಯಿಲೆಯವರನ್ನು ನೋಡಲು ಹೋದರೆ ಆ ಮನೆಯವರ ಮುಖ ಸಣ್ಣದಾಗುತ್ತಿತ್ತು. "ನಿಂಗೆ ಮದುವೆ ಮನೇಲಿ ಕತೆ ಸಿಗಾಕಿಲ್ವೇನ್ಲಾ?" ಎಂದು ಗುರುಶಾಂತ ಒಮ್ಮೆ ಟೆಂಪೊದಲ್ಲಿ ಎಲ್ಲರೆದುರು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮದುವೆ ಮನೆಯಲ್ಲಿ ನಿಜವಾಗಿಯೂ ಸಿಕ್ಕಿರಲಿಲ್ಲ.

ನನ್ನ ಹೆಂಡತಿ ನೀಲಾಂಬಿಕೆಗೆ ಇದು ಸೇರುತ್ತಿರಲಿಲ್ಲ. ಹೆಣದ ಮುಂದೆ ಹೇಳುವ ಹಾಡನ್ನು ಬದುಕಿರುವವರ ಮನೆಯಲ್ಲಿ ಹೇಳಬಾರದು ಎಂಬುದು ನಮ್ಮಲ್ಲಿ ಇರುವ ಮಾತು. ಹಾಡುವವರೂ ಅದನ್ನು ಪಾಲಿಸುತ್ತಾರೆ, ಮನೆಯಲ್ಲಿ ಅಭ್ಯಾಸಕ್ಕೂ ಹೇಳುವುದಿಲ್ಲ, ಮಠದ ಜಗಲಿಗೆ ಹೋಗುತ್ತಾರೆ. ನಾನೋ, ಬೆಳಿಗ್ಗೆ ಕಾಫಿ ಮುಗಿಸಿ, ಮೇಜಿನ ಪಕ್ಕದ ಕಿಟಕಿಯಲ್ಲಿ ಫೋನಿಟ್ಟು, ದೊಡ್ಡದಾಗಿ ಹಾಕಿಕೊಂಡು ಬರೆಯಲು ಕೂರುತ್ತಿದ್ದೆ.

"ಬದುಕಿರೋರ ಮನೆ ಕಣ್ರೀ ಇದು" ಎಂದಳು ಮೊದಲ ಸಲ.

"ನಿನಗೆ ಇದರಲ್ಲೆಲ್ಲ ನಂಬಿಕೆ ಇದ್ಯಾ?" ಎಂದೆ. ಓದಿದವಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು ಎಂಬ ಕೊಂಕು ಆ ಪ್ರಶ್ನೆಯಲ್ಲಿತ್ತು.

"ನಂಬಿಕೆ ಇಲ್ಲ. ಕಿವಿ ಇದೆ" ಎಂದು ಅಡುಗೆಮನೆಗೆ ಹೋದಳು.

ಎಷ್ಟೋ ಮನೆಗಳ ಹಾಡು ಫೋನಿನಲ್ಲಿ ತುಂಬಿಕೊಂಡರೂ ಕೊನೆಗೆ ನನಗೆ ಬೇಕಾಗಿದ್ದು ಒಂದೇ, ಅತ್ತೆಯವರು ತೀರಿಕೊಂಡಾಗಿನದು. ನೀಲಳ ತವರು ಹಳೇಬೀಡು, ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಮನೆ. ಬೆಳಗಿನ ಜಾವ ಸುದ್ದಿ ಬಂತು. "ನಿಮ್ಮತ್ತೆ ಅಂದ್ರೆ ನಮಗೂ ಅತ್ತೆ ಅಲ್ವೇನ್ಲಾ" ಎಂದು ಗುರುಶಾಂತ ಯಾರೂ ಕೇಳದೆಯೇ ತಂಡ ಕಟ್ಟಿಕೊಂಡು ಬಂದ. ಪಡಸಾಲೆಯಲ್ಲಿ ಅತ್ತೆಯವರನ್ನು ಕೂರಿಸಿದ್ದರು, ಅವರ ಸುತ್ತ ಹೆಂಗಸರು. ಗಂಡಸರು ಹೊರಗೆ ಜಗಲಿಯಲ್ಲಿ. ನಾನು ಜಗಲಿಯಿಂದಲೇ ಕೈ ಚಾಚಿ ಪಡಸಾಲೆಯ ಕಿಟಕಿಯಲ್ಲಿ ಫೋನಿಟ್ಟೆ. ಎಂದೂ ಹಾಡದ ಹಾಗೆ ಹಾಡಿದ ಗುರುಶಾಂತ ಅಂದು.

ಆ ರೆಕಾರ್ಡಿಂಗಿನಲ್ಲಿ ಒಂದು ಹಾಡು ಮುಗಿದು ಮುಂದಿನದು ಶುರುವಾಗುವ ನಡುವೆ ಸ್ವಲ್ಪ ಬಿಡುವು ಬರುತ್ತದೆ. ಹಾರ್ಮೋನಿಯಂನವನು ಕೈ ಕೊಡವಿಕೊಳ್ಳುತ್ತಾನೆ, ಯಾರೋ ಕೆಮ್ಮುತ್ತಾರೆ. ಅಲ್ಲಿಯವರೆಗೆ ತಾಳದ ಕೆಳಗೆ ಮುಚ್ಚಿಹೋಗಿದ್ದ ಒಂದು ಹೆಣ್ಣಿನ ಅಳು ಮೇಲೆ ಬರುತ್ತದೆ. ಎದೆ ಬಡಿದುಕೊಂಡು ಅಳುವ ಅಳುವಲ್ಲ. ತಡೆದುಕೊಂಡು, ತಡೆಯಲಾರದೆ, ನಾಚಿಕೊಂಡ ಹಾಗೆ ಬಿಟ್ಟುಬಿಟ್ಟು ಬರುವ ಅಳು. ನನ್ನ ಪೆನ್ನು ಹೊರಡುತ್ತಿದ್ದುದು ಅಲ್ಲಿಂದ. ಆ ಅಳು ಕೇಳಿದ್ದೇ ತಡ, ತಾನಾಗಿ ಒಂದು ವಾಕ್ಯ ಬರುತ್ತಿತ್ತು, ಮುಂದಿನ ಹಾಡಿನ ಜೊತೆ ಅದು ನಡೆದುಕೊಂಡು ಹೋಗುತ್ತಿತ್ತು. ನೀಲಳ ಅಕ್ಕ, ಬೇಲೂರಿಗೆ ಕೊಟ್ಟಿರುವ ಗಿರಿಜಕ್ಕ ಅಳುತ್ತಿರಬೇಕು ಎಂದುಕೊಂಡಿದ್ದೆ. ಸಂತೋಷಕ್ಕೂ ಅಳುವವರು ಅವರು.

ಒಂದೇ ಒಂದು ತೊಂದರೆ ಇತ್ತು. ಆ ಅಳು ಎದ್ದ ಮರುಗಳಿಗೆಗೆ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಗುತ್ತಿತ್ತು. ದಿನವೂ, ಸರಿಯಾಗಿ ಅದೇ ಹೊತ್ತಿಗೆ. ಚಟ್ನಿ ರುಬ್ಬಲು ನಿನಗೆ ಬೇರೆ ಸಮಯವೇ ಸಿಗುವುದಿಲ್ಲವೇ ಎಂದು ನಾನು ಕೂಗಾಡಿದ್ದೂ ಉಂಟು. ಮಿಕ್ಸಿ ನಿಲ್ಲುವ ಹೊತ್ತಿಗೆ ಮುಂದಿನ ಹಾಡು ಬಂದಿರುತ್ತಿತ್ತು, ನಾನೂ ಪೆನ್ನು ಹಿಡಿದಾಗಿರುತ್ತಿತ್ತು.

ಆ ರೆಕಾರ್ಡಿಂಗಿನಿಂದ ಹುಟ್ಟಿದ ಮೊದಲ ಕಾದಂಬರಿಯಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ತಾಯಿ ಸತ್ತ ದಿನ ಅವಳು ಅಳುವುದಿಲ್ಲ. ಬಂದವರಿಗೆ ನೀರು ಕೊಡುತ್ತ, ಹೂವಿನವನ ಜೊತೆ ಮಾತಾಡುತ್ತ, ಒಣಗಿದ ಕಣ್ಣಿನಲ್ಲಿ ಓಡಾಡುತ್ತಾಳೆ. ಅವಳು ನೀಲ. ಅಂದು ಜಗಲಿಗೆ ಬಂದಾಗಲೆಲ್ಲ ನಾನು ಕಂಡದ್ದು ಹಾಗೆಯೇ. ಅವಳ ಗಟ್ಟಿತನ ನೋಡಿ ಒಳಗೊಳಗೇ ಹೆಮ್ಮೆಪಟ್ಟು ಬರೆದಿದ್ದೆ. ಓದಿದವರು ಮೆಚ್ಚಿದರು. ನೀಲಳೂ ಓದಿ, ಪುಸ್ತಕ ಮಡಿಸಿ, "ಯಾರಿವಳು?" ಎಂದು ಕೇಳಿದಳು. ನೀನೇ ಕಣೇ ಎಂದೆ. "ಓ" ಎಂದಳು. ಮೆಚ್ಚಿಗೆಯಲ್ಲಿ ಮಾತು ಹೊರಡಲಿಲ್ಲ ಎಂದು ತಿಳಿದುಕೊಂಡೆ, ನನ್ನ ಬುದ್ಧಿ ಅಷ್ಟಿತ್ತು.

ಹೋದ ವರ್ಷ ಅವಳಿಗೆ ಹೊಟ್ಟೆನೋವು ಬಂತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದಳು. ಹಾಸನದಲ್ಲಿ ತೋರಿಸುವ ಹೊತ್ತಿಗೆ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ತಿನ್ನಬೇಕೆನಿಸಿದ್ದು ತಿನ್ನಲಿ ಎಂದರು. ಒಳಗೆ ಬಂದಾಗ ಅವಳು ನನ್ನ ಮುಖ ನೋಡಿದಳು. ಕೊನೆಯ ಮಾತು ನುಂಗುವುದರಲ್ಲಿ ಪಳಗಿದ ಕಾದಂಬರಿಕಾರ ನಾನು, ಆದರೂ ಅವಳು ಓದಿಕೊಂಡುಬಿಟ್ಟಳು.

ಮನೆಗೆ ಬಂದ ಮೇಲೆ ನಾನು ಬರೆಯುವುದನ್ನೂ ಹಾಡು ಕೇಳುವುದನ್ನೂ ನಿಲ್ಲಿಸಿದೆ. ಒಂದು ಬೆಳಿಗ್ಗೆ ಅವಳೇ, "ಗುರುಶಾಂತಣ್ಣನ್ನ ಕರೀರಿ. ನಾನು ಹೋದ್ಮೇಲೆ ಹೇಳೋದನ್ನ ಈಗ ಹೇಳ್ಲಿ. ಆಮೇಲೆ ಊರೆಲ್ಲ ಕೇಳುತ್ತೆ, ನಾನೊಬ್ಳೇ ಕೇಳಲ್ಲ" ಎಂದಳು.

ಗುರುಶಾಂತ ಬಂದ. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಕೊಬ್ಬರಿ ರೇಟಿನ ವಿಚಾರ ಮಾತಾಡಿದ, ಮಳೆಯ ವಿಚಾರ ಮಾತಾಡಿದ. ನೀಲ ಕಾಯುತ್ತಿದ್ದಳು. ಕೊನೆಗೆ ಅವನು ಎದ್ದು ನಿಂತು, "ಬಯ್ಕೋಬೇಡ ನೀಲಮ್ಮ. ಉಸಿರಾಡೋರ ಮುಂದೆ ಅದು ಬಾಯಿಗೆ ಬರಾಕಿಲ್ಲ. ಬೇರೆ ಏನ್ ಬೇಕಾದ್ರೂ ಕೇಳು, ಹೇಳ್ತೀನಿ" ಎಂದ.

"ಬೇರೆ ಏನೂ ಬೇಡಣ್ಣ. ಕಾಫಿ ಕುಡ್ಕೊಂಡು ಹೋಗಿ" ಎಂದಳು. ಅವನು ಕುಡಿಯಲಿಲ್ಲ. ಗೇಟಿನ ಹತ್ತಿರ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೋದ.

ಅವನು ಹೋದ ಮೇಲೆ ನೀಲ, "ನಿಮ್ಮ ಫೋನಲ್ಲಿ ಇದ್ಯಲ್ಲ, ಅಮ್ಮಂದು. ಅದನ್ನೇ ಹಾಕಿ" ಎಂದಳು. ಬದುಕಿರುವವರ ಮನೆ ಎಂದು ನಾನೆಂದೆ. ಈಗ ಅದು ನನ್ನ ಮಾತಾಗಿತ್ತು. "ಹಾಕಿ ಪರವಾಗಿಲ್ಲ" ಎಂದಳು. ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು, ಹೊದಿಕೆಯ ಮೇಲೆ ಬೆರಳು ತಾಳಕ್ಕೆ ಆಡುತ್ತಿತ್ತು. ಹಾಡು ಮುಗಿಯಿತು. ಆ ಬಿಡುವು ಬಂತು, ಆ ಅಳು ಮೇಲೆದ್ದಿತು.

"ಇದು ನಾನು" ಎಂದಳು.

"ಯಾವುದು?"

"ಅಳ್ತಿರೋದು."

"ಗಿರಿಜಕ್ಕ ಅಲ್ವಾ?"

"ಗಿರಿಜಕ್ಕ ಬಂದಿದ್ದು ಮಧ್ಯಾಹ್ನ. ಬೇಲೂರಲ್ಲಿ ಅವಳಿಗೆ ಬಸ್ ಸಿಗ್ಲಿಲ್ಲ, ಅಮ್ಮನ್ನ ಎತ್ತೋ ಹೊತ್ತಿಗೆ ಬಂದ್ಲು. ಸಾಕು, ನಿಲ್ಸಿ."

ನಿಲ್ಲಿಸಿದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಗುವಿನಂಥದ್ದೇ ಏನೋ ಇತ್ತು.

"ಹೇಳಿದ್ರೆ ನಿಲ್ಲಿಸ್ತಿದ್ರಾ?"

ಹೌದು ಎನ್ನಬಹುದಿತ್ತು. ಸಾಯುತ್ತಿರುವವರಿಗೆ ಅಂಥ ಸುಳ್ಳು ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ನನ್ನ ಬಾಯಿಗೆ ಬರಲಿಲ್ಲ, ಅವಳೂ ಉತ್ತರಕ್ಕೆ ಕಾಯಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅಷ್ಟು ಚಟ್ನಿ ಯಾಕೆ ಮಾಡುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಆಗ. ಎಷ್ಟೋ ಸಲ ಖಾಲಿ ಮಿಕ್ಸಿಯೇ ತಿರುಗಿತ್ತೋ ಏನೋ.

ಅವಳು ಹೋದದ್ದು ಕಾರ್ತಿಕದಲ್ಲಿ. ಪಡಸಾಲೆಯಲ್ಲಿ ಕೂರಿಸಿದೆವು. ಗುರುಶಾಂತ ಎದುರಿಗೆ ಕೂತ. ಮೊದಲ ಹಾಡಿನ ಮೊದಲ ಸಾಲಿನಲ್ಲೇ, ಕೊನೆಯ ಮಾತು ಬರುವುದಕ್ಕೆ ಬಹಳ ಮೊದಲೇ ಅವನ ದನಿ ನಿಂತುಹೋಯಿತು. ಹಿಂದಿನವರಿಗೆ ಎಲ್ಲಿಂದ ಎತ್ತಿಕೊಳ್ಳಬೇಕೋ ತಿಳಿಯಲಿಲ್ಲ. ಆ ಮೌನದಲ್ಲಿ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಫೋನು ಸಿಕ್ಕಿತು. ಅದನ್ನು ಹಿಡಿದುಕೊಂಡೇ ಕೂತಿದ್ದೆ, ಹೊರಗೆ ತೆಗೆಯಲಿಲ್ಲ. ತೆಗೆಯದಿದ್ದುದನ್ನು ದೊಡ್ಡದಾಗಿ ಹೇಳಿಕೊಳ್ಳುವ ಆಸೆ ಈಗಲೂ ಆಗುತ್ತಿದೆ, ನೋಡಿ.

ಇವತ್ತು ಫೋನು ಅಳಿಸು ಎಂದು ಪೀಡಿಸಿದಾಗ ಅದರಲ್ಲಿ ನೀಲಳ ದನಿ ಎಲ್ಲಿದೆ ಎಂದು ಹುಡುಕಿದೆ. ಅರಸೀಕೆರೆ, ಬೇಲೂರು, ಹಳೇಬೀಡು, ಹುಲಿಕೆರೆ, ಎಲ್ಲ ಕಡೆಯ ಸಾವಿನ ಹಾಡುಗಳಿವೆ. ನನ್ನ ಭಾಷಣಗಳಿವೆ. ಅವಳ ಒಂದು ಮಾತಿಲ್ಲ. ವಿಡಿಯೋಗಳಲ್ಲಿ ಯಾರದೋ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಇಷ್ಟು ವರ್ಷ ಬಾಳಿದ ಹೆಂಡತಿಯ ದನಿ ನನ್ನ ಹತ್ತಿರ ಉಳಿದಿರುವುದು ಆ ಅಳು ಒಂದೇ. ಇದಕ್ಕಿಂತ ದೊಡ್ಡ ಬಡತನ ಇನ್ನೊಂದಿದೆಯೇ?

ಎಂದಿನ ಜಾಗದಲ್ಲಿ, ಮೇಜಿನ ಪಕ್ಕದ ಕಿಟಕಿಯಲ್ಲಿ ಫೋನಿಟ್ಟು ಹಾಕಿದೆ. ಪೆನ್ನು ಮುಟ್ಟಲಿಲ್ಲ. ಗುರುಶಾಂತ ಹಾಡಿದ. ಹಾಡು ಮುಗಿಯಿತು. ಹಾರ್ಮೋನಿಯಂನವನು ಕೈ ಕೊಡವಿಕೊಂಡ. ಯಾರೋ ಕೆಮ್ಮಿದರು. ನೀಲ ಅತ್ತಳು. ನಾನು ಅಭ್ಯಾಸಬಲದಿಂದ ಮಿಕ್ಸಿಯ ಸದ್ದಿಗೆ ಕಾದೆ. ಅಡುಗೆಮನೆ ಸುಮ್ಮನಿತ್ತು.

ಅಳು ಒಂದು ಕ್ಷಣ ತಡೆಯಿತು. ಆಮೇಲೆ, ಪಕ್ಕದಲ್ಲಿ ಕೂತ ಯಾರಿಗೋ ಹೇಳುವ ಹಾಗೆ, ಮೆಲ್ಲಗೆ, ಮೂಗು ಕಟ್ಟಿದ ದನಿಯಲ್ಲಿ ಅವಳ ಮಾತು ಬಂತು:

"ಕಿಟಕೀಲಿ ಅವರ ಫೋನಿದೆ. ತೆಗೀರಿ ಅಂತ ಹೇಳ್ರೇ ಯಾರಾದ್ರೂ."

ಅಂದು ಯಾರೂ ನನಗೆ ಹೇಳಿರಲಿಲ್ಲ. ಮುಂದಿನ ಹಾಡು ಶುರುವಾಗಿತ್ತು.

ನಾನು ಎದ್ದು ಹೋಗಿ ಕಿಟಕಿಯಿಂದ ಫೋನು ತೆಗೆದೆ.